ಸಹಿ ಹಾಕುವವರು, ತಿದ್ದುವವರು: ಬ್ಲಾಕ್‌ಚೈನ್ ಬ್ರಿಡ್ಜ್‌ಗಳ ತಕರಾರು

2022ರ ಜೂನ್ 21ರಂದು ಒಂದು ಜಾಲದ ಟೋಕನನ್ನು ಇನ್ನೊಂದರಲ್ಲಿ ಬಳಸಲು ಬಿಡುವ ನೋಮಾಡ್ ಎಂಬ ಬ್ಲಾಕ್‌ಚೈನ್ ಬ್ರಿಡ್ಜ್‌ನ ಡೆವಲಪರ್‌ಗಳು ತಮ್ಮ ಕಾಂಟ್ರ್ಯಾಕ್ಟ್‌ಗೆ, ಅಂದರೆ ಜಾಲದ ಮೇಲೆ ಓಡುವ ಪ್ರೋಗ್ರಾಮ್‌ಗೆ, ಒಂದು ಅಪ್‌ಗ್ರೇಡ್ ಏರಿಸಿದರು. ಮಾಮೂಲಿ ಕೆಲಸ. ಹೊಸ ಕೋಡ್ ಚಾಲೂ ಮಾಡುವಾಗ, ಯಾವ ಗುರುತಿನ ಸಂದೇಶಗಳನ್ನು ನಂಬಬಹುದು ಎಂದು ತುಂಬಬೇಕಾದ ಜಾಗದಲ್ಲಿ ಸೊನ್ನೆ ಕೂತಿತು. ಪರಿಶೀಲನೆಯೇ ಆಗದ ಸಂದೇಶಗಳಿಗೂ ಆ ಕಾಂಟ್ರ್ಯಾಕ್ಟ್ ಒಳಗೊಳಗೆ ಸೊನ್ನೆಯ ಗುರುತನ್ನೇ ಕೊಡುತ್ತಿತ್ತು. ಎರಡೂ ಕೂಡಿದ ಮೇಲೆ, ಯಾವ ಪುರಾವೆಯೂ ಇಲ್ಲದ ಸಂದೇಶಕ್ಕೆ ಪುರಾವೆ ಇದ್ದ ಸಂದೇಶದಷ್ಟೇ ಮರ್ಯಾದೆ. ಸುಮಾರು ನಲವತ್ತು ದಿನ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಆಗಸ್ಟ್ 1ರಂದು ಯಾರೋ ಈ ಕಡೆಯಿಂದ 0.01 ಬಿಟ್‌ಕಾಯಿನ್ ಬೆಲೆಯ ಟೋಕನ್ ಕಳಿಸಿ ಆ ಕಡೆ 100 ಎತ್ತಿಕೊಂಡರು. ವಹಿವಾಟು ಎಲ್ಲರಿಗೂ ಕಾಣುವ ಲೆಕ್ಕದಲ್ಲಿ ದಾಖಲಾಯಿತು. ಅದನ್ನು ಹಾಗೇ ನಕಲು ಮಾಡಿ, ಅವರ ವಿಳಾಸ ಇದ್ದಲ್ಲಿ ತಮ್ಮ ವಿಳಾಸ ಹಾಕಿ ಕಳಿಸಿದವರಿಗೂ ಹಣ ಬಂತು. ಪ್ರೋಗ್ರಾಮಿಂಗ್ ಗೊತ್ತಿರಬೇಕೆಂದೇ ಇರಲಿಲ್ಲ. ಕೆಲವೇ ಗಂಟೆಗಳಲ್ಲಿ ಸುಮಾರು 19 ಕೋಟಿ ಡಾಲರ್ ಖಾಲಿಯಾಯಿತು. ಬಾಚಿಕೊಂಡ ವಿಳಾಸಗಳು ನೂರಾರು.

ಬ್ರಿಡ್ಜ್‌ಗಳ ಬಗ್ಗೆ ಈವರೆಗೆ ನಡೆದಿರುವ ಚರ್ಚೆಯ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಹಣ ದಾಟಿತು ಎಂದು ಸಾಕ್ಷಿ ಹೇಳುವವರು ಯಾರು? ನೋಮಾಡ್‌ನಲ್ಲಿ ಸಾಕ್ಷಿಯವರು ಮೋಸ ಮಾಡಲಿಲ್ಲ, ಅವರ ಕೀಲಿಯೂ ಕಳುವಾಗಲಿಲ್ಲ. ಕೆಟ್ಟದ್ದು ಅಪ್‌ಗ್ರೇಡ್. ಆದ್ದರಿಂದ ಈ ವಾದಗಳನ್ನೆಲ್ಲ ಒಂದು ಕಡೆ ಹರಡಿ ನೋಡುವಾಗ ಇನ್ನೊಂದು ಪ್ರಶ್ನೆಯನ್ನೂ ಜೊತೆಗಿಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ: ಓಡುತ್ತಿರುವ ಕೋಡನ್ನು ತಿದ್ದುವ ಅಧಿಕಾರ ಯಾರದು, ತಿದ್ದುವ ಮುನ್ನ ಯಾರಿಗೆ ಹೇಳಬೇಕು?

ಟೋಕನ್ ನಿಜಕ್ಕೂ ದಾಟುವುದಿಲ್ಲ

ಮೊದಲಿಗೆ ಯಂತ್ರ ಹೇಗೆ ನಡೆಯುತ್ತದೆ ನೋಡೋಣ. ಎಥೀರಿಯಮ್‌ಗೆ ಬಿಟ್‌ಕಾಯಿನ್ ಜಾಲದಲ್ಲಿ ಏನು ನಡೆಯುತ್ತಿದೆ ಎಂದು ತಾನಾಗಿ ಗೊತ್ತಾಗುವುದಿಲ್ಲ. ಸೊಲಾನಾಗೆ ಎಥೀರಿಯಮ್‌ನ ಸುದ್ದಿ ಗೊತ್ತಾಗುವುದಿಲ್ಲ. ಪ್ರತಿ ಜಾಲಕ್ಕೂ ತನ್ನದೇ ಲೆಕ್ಕದ ಪುಸ್ತಕ, ಅದನ್ನು ಪರೀಕ್ಷಿಸುವ ತನ್ನದೇ ವ್ಯಾಲಿಡೇಟರ್‌ಗಳು. ಹಾಗಾಗಿ "ಟೋಕನ್ ಬ್ರಿಡ್ಜ್ ಮಾಡಿದೆ" ಎಂದು ನಾವು ಹೇಳುವಾಗ ಯಾವ ಟೋಕನ್ನೂ ಎಲ್ಲಿಗೂ ಹೋಗಿರುವುದಿಲ್ಲ. ಮೂಲ ಜಾಲದ ಒಂದು ಕಾಂಟ್ರ್ಯಾಕ್ಟ್‌ನಲ್ಲಿ ಅದು ಬೀಗ ಹಾಕಿಸಿಕೊಂಡು ಕೂತಿರುತ್ತದೆ, ಇನ್ನೊಂದು ಜಾಲದಲ್ಲಿ ಅದರ ಹೆಸರಿನ ಪ್ರತಿನಿಧಿ ಟೋಕನ್ ಹುಟ್ಟಿರುತ್ತದೆ. ಅಡಿಕೆ ಮೂಟೆಗಳನ್ನು ಮಂಡಿಯ ಗೋದಾಮಿನಲ್ಲಿಟ್ಟು ಚೀಟಿ ಪಡೆದು, ಆಮೇಲೆ ಆ ಚೀಟಿಯನ್ನೇ ಕೈಯಿಂದ ಕೈಗೆ ಮಾರಿದ ಹಾಗೆ. ಗೋದಾಮು ಬರಿದಾದ ದಿನ ಊರೂರಲ್ಲಿರುವ ಚೀಟಿಗಳೆಲ್ಲ ಒಟ್ಟಿಗೆ ಕಾಗದವಾಗುತ್ತವೆ. ನೋಮಾಡ್‌ನಲ್ಲಿ ಹಣ ಹೋದದ್ದು ಎಥೀರಿಯಮ್ ಕಡೆಯಿಂದ; ಆದರೆ ಮೂನ್‌ಬೀಮ್, ಇವ್‌ಮೋಸ್ ಜಾಲಗಳಲ್ಲಿ ನೋಮಾಡ್‌ನ ಪ್ರತಿನಿಧಿ ಡಾಲರ್ ಇಟ್ಟುಕೊಂಡು, ಬ್ರಿಡ್ಜ್ ಹೆಸರೂ ಕೇಳದೆ ವ್ಯಾಪಾರ ಮಾಡುತ್ತಿದ್ದವರ ಕೈಯಲ್ಲಿದ್ದದ್ದೂ ಬೆಲೆ ಕಳೆದುಕೊಂಡಿತು.

ಈ ದೊಡ್ಡ ಬೀಗದ ಪೆಟ್ಟಿಗೆಯೇ ಕಳ್ಳರನ್ನು ಕರೆಯುವುದು. 2022ರ ಆಗಸ್ಟ್‌ನಲ್ಲಿ ಚೈನಾಲಿಸಿಸ್ ಸಂಸ್ಥೆ ಕೊಟ್ಟ ಲೆಕ್ಕದಂತೆ, 13 ಬ್ರಿಡ್ಜ್ ದಾಳಿಗಳಲ್ಲಿ ಕಳುವಾದದ್ದು ಸುಮಾರು 200 ಕೋಟಿ ಡಾಲರ್. ಆ ವರ್ಷ ಅಲ್ಲಿಯವರೆಗೆ ಕ್ರಿಪ್ಟೊ ಲೋಕದಲ್ಲಿ ಕದ್ದ ಹಣದಲ್ಲಿ ಶೇಕಡಾ 69 ಬ್ರಿಡ್ಜ್‌ಗಳಿಂದಲೇ ಹೋಗಿತ್ತು.

ಹಿಂದಿನ ಕಥೆ

ಎರಡು ಜಾಲಗಳ ನಡುವೆ ವಿನಿಮಯ ಮಾಡುವ ಯೋಚನೆ ಎಥೀರಿಯಮ್‌ಗಿಂತ ಹಳೆಯದು. 2013ರಲ್ಲಿ ಟಿಯರ್ ನೋಲನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಒಬ್ಬರು ಅಟಾಮಿಕ್ ಸ್ವಾಪ್ ವಿಧಾನವನ್ನು ವಿವರಿಸಿದರು. ನಾನು ನನ್ನ ನಾಣ್ಯಕ್ಕೆ, ನೀವು ನಿಮ್ಮ ನಾಣ್ಯಕ್ಕೆ ಒಂದೇ ಗುಟ್ಟಿನ ಬೀಗ ಹಾಕುತ್ತೇವೆ. ಗುಟ್ಟು ಬಿಚ್ಚಿದರೆ ಎರಡೂ ತೆರೆಯುತ್ತವೆ, ಇಲ್ಲವೇ ಗಡುವು ಮುಗಿದು ಎರಡೂ ವಾಪಸ್. ಮರುವರ್ಷ, 2014ರ ಅಕ್ಟೋಬರ್‌ನಲ್ಲಿ, ಆಡಂ ಬ್ಯಾಕ್ ಮತ್ತು ಸಂಗಡಿಗರ ಸೈಡ್‌ಚೈನ್ ಪ್ರಬಂಧ ಬಂತು. ಬಿಟ್‌ಕಾಯಿನ್‌ಗೆ ಬೀಗ ಹಾಕಿ ಪಕ್ಕದ ಜಾಲದಲ್ಲಿ ಅದರ ರೂಪ ತೆರೆಯುವ, ಮತ್ತೆ ಹಿಂದಕ್ಕೆ ತರುವ ವಿಚಾರ ಅದರಲ್ಲಿತ್ತು. 2016ರ ಬಿಟಿಸಿ ರಿಲೇ ಇನ್ನೂ ಮುಂದೆ ಹೋಯಿತು: ಬಿಟ್‌ಕಾಯಿನ್‌ನ ಪ್ರತಿ ಬ್ಲಾಕ್‌ನ ಶಿರೋಭಾಗವನ್ನು ಎಥೀರಿಯಮ್‌ನ ಕಾಂಟ್ರ್ಯಾಕ್ಟ್‌ಗೆ ತಂದುಕೊಟ್ಟು ಅಲ್ಲೇ ಪರೀಕ್ಷಿಸುವುದು. ತಾಂತ್ರಿಕವಾಗಿ ಚೊಕ್ಕ. ಆದರೆ ತಂದುಕೊಡುವವರಿಗೆ ಖರ್ಚು ಖಚಿತ, ಗಳಿಕೆ ಅನುಮಾನ. ಕ್ರಮೇಣ ತಂದುಕೊಡುವವರೇ ಇಲ್ಲದಾದರು.

ಮಾರುಕಟ್ಟೆ ಆರಿಸಿಕೊಂಡದ್ದು ಇವು ಯಾವುದನ್ನೂ ಅಲ್ಲ. 2019ರ ಜನವರಿಯಲ್ಲಿ ಬಂದ ಡಬ್ಲ್ಯುಬಿಟಿಸಿ ಯಾವ ಜಾಣ ಗಣಿತವನ್ನೂ ಹೇಳಿಕೊಳ್ಳಲಿಲ್ಲ. ಬಿಟ್‌ಗೋ ಎಂಬ ಕಂಪನಿ ಬಿಟ್‌ಕಾಯಿನ್ ಇಟ್ಟುಕೊಳ್ಳುತ್ತದೆ, ಅಷ್ಟೇ ಟೋಕನ್ ಎಥೀರಿಯಮ್‌ನಲ್ಲಿ ಬಿಡುತ್ತದೆ. ಜನ ಅದನ್ನೇ ಬಳಸಿದರು. 2020ರ ಮಧ್ಯಭಾಗದಲ್ಲಿ ಡಿಫೈ, ಅಂದರೆ ಬ್ಯಾಂಕಿಲ್ಲದೆ ಕೋಡ್ ಮೇಲೆ ನಡೆಯುವ ಹಣಕಾಸು, ಉಬ್ಬಿದಾಗ, ಮರುವರ್ಷ ಎಥೀರಿಯಮ್‌ನಲ್ಲಿ ವಹಿವಾಟಿಗೆ ಕೊಡಬೇಕಾದ ಗ್ಯಾಸ್ ಶುಲ್ಕ ಏರಿ ಜನ ಅಗ್ಗದ ಜಾಲಗಳಿಗೆ ಹೊರಟಾಗ, ಬ್ರಿಡ್ಜ್‌ಗಳು ಒಂದರ ಹಿಂದೆ ಒಂದು ಹುಟ್ಟಿದವು. 2021ರ ಆಗಸ್ಟ್‌ನಲ್ಲಿ ಪಾಲಿ ನೆಟ್‌ವರ್ಕ್‌ನಿಂದ 61 ಕೋಟಿ ಡಾಲರ್ ಹೋಯಿತು. ಕದ್ದವನು ಬಹುಪಾಲು ಹಿಂದಿರುಗಿಸಿದ್ದರಿಂದ ಅದು ಎಚ್ಚರಿಕೆಯಾಗುವ ಬದಲು ವಿನೋದದ ಸುದ್ದಿಯಾಯಿತು. ಆ ಅಸಡ್ಡೆಯ ಬೆಲೆಯನ್ನು 2022ರಲ್ಲಿ ತೆರಬೇಕಾಯಿತು.

ಮೊದಲ ಪಂಥ: ಸಹಿ ಹಾಕುವವರನ್ನು ನಂಬಿ

ಅತ್ಯಂತ ಹಳೆಯ, ಇಂದಿಗೂ ಬಲವಾದ ಪಂಥ ಇದು. ಕೆಲವರನ್ನು ಆರಿಸಿ; ಅವರಲ್ಲಿ ಇಷ್ಟು ಜನ ಸಹಿ ಹಾಕಿದರೆ ಹಣ ಬಿಡುಗಡೆ. ಇದರ ಪರ ವಾದಿಸುವವರು ಮುಗ್ಧರಲ್ಲ. ಅಗ್ಗ, ವೇಗ, ಯಾವ ಹೊಸ ಜಾಲಕ್ಕಾದರೂ ಒಂದೆರಡು ವಾರದಲ್ಲಿ ಜೋಡಿಸಬಹುದು. ಹೆಸರು ಕೆಡಿಸಿಕೊಳ್ಳಲು ಒಪ್ಪದ ಸಂಸ್ಥೆಗಳನ್ನೇ ಸಾಕ್ಷಿಗೆ ಕೂರಿಸಿದರೆ ಮೋಸಕ್ಕೆ ಕಾರಣವೂ ಇರುವುದಿಲ್ಲ ಎನ್ನುತ್ತಾರೆ.

ರೋನಿನ್ ಪ್ರಕರಣ ಇದಕ್ಕೆ ಉತ್ತರ. ಆಕ್ಸಿ ಇನ್ಫಿನಿಟಿ ಎಂಬ ಆಟಕ್ಕೆಂದು ವಿಯೆಟ್ನಾಂ ಮೂಲದ ಸ್ಕೈ ಮೇವಿಸ್ ಕಟ್ಟಿದ ಜಾಲ ಅದು. ಬ್ರಿಡ್ಜ್‌ಗೆ 9 ವ್ಯಾಲಿಡೇಟರ್‌ಗಳು, 5 ಸಹಿ ಸಾಕು. ಆ ಒಂಬತ್ತರಲ್ಲಿ ನಾಲ್ಕು ಕಂಪನಿಯ ಕೈಯಲ್ಲೇ ಇದ್ದವು. ಐದನೆಯದು ಆಕ್ಸಿ ಡಿಎಒದ್ದು, ಅಂದರೆ ಆಟದ ಟೋಕನ್ ಇಟ್ಟುಕೊಂಡವರ ಸಂಘದ್ದು. 2021ರ ನವೆಂಬರ್‌ನಲ್ಲಿ ಬಳಕೆದಾರರ ನೂಕುನುಗ್ಗಲು ಇದ್ದಾಗ, ಡಿಎಒ ತನ್ನ ಪರವಾಗಿ ಸಹಿ ಹಾಕಲು ಕಂಪನಿಗೆ ಅನುಮತಿ ಕೊಟ್ಟಿತ್ತು. ಡಿಸೆಂಬರ್‌ನಲ್ಲಿ ಆ ವ್ಯವಸ್ಥೆ ನಿಂತಿತು. ಅನುಮತಿಯನ್ನು ಮಾತ್ರ ಯಾರೂ ರದ್ದು ಮಾಡಲಿಲ್ಲ. 2022ರ ಮಾರ್ಚ್ 23ರಂದು ಕಂಪನಿಯೊಳಗೆ ನುಗ್ಗಿದವರಿಗೆ ನಾಲ್ಕು ಕೀಲಿಯ ಜೊತೆ ಐದನೆಯದೂ ಸಿಕ್ಕಿತು: 1,73,600 ಈಥರ್, 2.55 ಕೋಟಿ ಯುಎಸ್‌ಡಿಸಿ ಎಂಬ ಡಾಲರ್ ಟೋಕನ್. ಇದಕ್ಕಿಂತ ವಿಚಿತ್ರ ಏನೆಂದರೆ, ಆರು ದಿನ ಯಾರಿಗೂ ಗೊತ್ತಾಗಲಿಲ್ಲ. ಒಬ್ಬ ಬಳಕೆದಾರ 5,000 ಈಥರ್ ಹಿಂತೆಗೆಯಲು ಹೋಗಿ ಆಗುತ್ತಿಲ್ಲ ಎಂದು ದೂರಿದ ಮೇಲೆ ಪೆಟ್ಟಿಗೆ ನೋಡಿದರು. ಏಪ್ರಿಲ್‌ನಲ್ಲಿ ಎಫ್‌ಬಿಐ ಇದು ಉತ್ತರ ಕೊರಿಯಾದ ಲಾಜರಸ್ ಗುಂಪಿನ ಕೆಲಸ ಎಂದಿತು.

ಅದೇ ವರ್ಷದ ಜೂನ್‌ನಲ್ಲಿ ಹಾರ್ಮನಿಯ ಹೊರೈಜನ್ ಬ್ರಿಡ್ಜ್‌ನಿಂದ 10 ಕೋಟಿ ಡಾಲರ್ ಹೋಯಿತು. ಅಲ್ಲಿ ಐವರಲ್ಲಿ ಇಬ್ಬರ ಸಹಿ ಸಾಕಿತ್ತು. ಇದು ಸಾಲದು ಎಂದು ತಿಂಗಳುಗಳ ಹಿಂದೆಯೇ ಹೊರಗಿನವರು ಎತ್ತಿ ಹೇಳಿದ್ದರು. 2023ರ ಜುಲೈಯಲ್ಲಿ ಮಲ್ಟಿಚೈನ್ ಕುಸಿದಾಗ ಹೊರಬಿದ್ದ ಸಂಗತಿ ಇವೆರಡಕ್ಕಿಂತ ಕೆಟ್ಟದು. ಕೀಲಿಯನ್ನು ತುಂಡು ಮಾಡಿ ಹಲವು ನೋಡ್‌ಗಳಿಗೆ ಹಂಚಿದ್ದೇವೆ ಎಂಬುದು ಅದರ ಹೆಗ್ಗಳಿಕೆಯಾಗಿತ್ತು. ಮೇ ತಿಂಗಳಲ್ಲಿ ಅದರ ಸಿಇಒ ಅವರನ್ನು ಚೀನಾದ ಪೊಲೀಸರು ಕರೆದೊಯ್ದ ಮೇಲೆ ತಿಳಿದದ್ದು, ಆ ಎಲ್ಲ ನೋಡ್‌ಗಳು ಓಡುತ್ತಿದ್ದ ಸರ್ವರ್‌ಗಳ ಲಾಗಿನ್ ಅವರೊಬ್ಬರದೇ ಎಂದು. ಫ್ಯಾಂಟಮ್ ಜಾಲದ ಡಾಲರ್ ಟೋಕನ್‌ಗಳು ಹೆಚ್ಚಾಗಿ ಮಲ್ಟಿಚೈನ್‌ನ ಚೀಟಿಗಳೇ ಆಗಿದ್ದವು. ಅವು ಮುಖಬೆಲೆಯಿಂದ ಜಾರಿದವು.

ಸಹಿಯವರ ಸಂಖ್ಯೆ ಹೆಚ್ಚಿಸಿದರೆ ಸಾಕು ಎನ್ನುವವರು ಈಗಲೂ ಇದ್ದಾರೆ. ಒಂಬತ್ತು ಹೆಸರಿನ ಹಿಂದೆ ಎಷ್ಟು ಬೇರೆ ಬೇರೆ ಜನ ಇದ್ದಾರೆ ಎಂದು ಹೊರಗಿನಿಂದ ಎಣಿಸುವ ದಾರಿ ಯಾವುದು ಎಂಬುದಕ್ಕೆ ಅವರಲ್ಲಿ ಉತ್ತರ ಕಂಡಿಲ್ಲ.

ಎರಡನೆಯದು: ಯಾರನ್ನೂ ನಂಬದೆ ಲೆಕ್ಕ ಹಾಕಿ

ಈ ಪಂಥದವರು ಬಿಟಿಸಿ ರಿಲೇಯ ವಾರಸುದಾರರು. ಇನ್ನೊಂದು ಜಾಲದ ವ್ಯಾಲಿಡೇಟರ್‌ಗಳ ಸಹಿಯನ್ನು ನಮ್ಮ ಜಾಲದ ಕಾಂಟ್ರ್ಯಾಕ್ಟೇ ಪರೀಕ್ಷಿಸಲಿ. ಮಧ್ಯದಲ್ಲಿ ಸಂದೇಶ ಹೊತ್ತು ತರುವವನು ಯಾರಾದರೇನು, ಸುಳ್ಳು ತಂದರೆ ಗಣಿತ ಒಪ್ಪುವುದಿಲ್ಲ. ಲೈಟ್ ಕ್ಲೈಂಟ್ ಎಂದು ಇದನ್ನು ಕರೆಯುತ್ತಾರೆ. ಕಾಸ್ಮಾಸ್ ಜಾಲಗಳ ನಡುವಿನ ಐಬಿಸಿ 2021ರಿಂದ ಈ ರೀತಿಯಲ್ಲಿ ನಡೆಯುತ್ತಿದೆ. ಈ ಪಂಥ ತೋರಿಸಿಕೊಳ್ಳುವ ಅತ್ಯುತ್ತಮ ಉದಾಹರಣೆ ಅದೇ.

ಎಥೀರಿಯಮ್ ಮಟ್ಟಿಗೆ ಕಷ್ಟ ಬೇರೆ. ಅದರ ಲಕ್ಷಾಂತರ ವ್ಯಾಲಿಡೇಟರ್‌ಗಳ ಸಹಿ ಪರೀಕ್ಷಿಸುವುದು ದುಬಾರಿ. 2021ರ ಅಕ್ಟೋಬರ್‌ನ ಆಲ್ಟೇರ್ ಅಪ್‌ಗ್ರೇಡ್‌ನಲ್ಲಿ 512 ಜನರ ಸಿಂಕ್ ಸಮಿತಿ ತಂದದ್ದು ಇದಕ್ಕೇ. ಆದರೆ ಆ ಸಮಿತಿ ಸುಳ್ಳು ಸಹಿ ಹಾಕಿದರೆ ಅವರ ಠೇವಣಿ ಕತ್ತರಿಸುವ ನಿಯಮ ಇಡಲಿಲ್ಲ. ಅದಕ್ಕಾಗಿ ಈಗ ಶೂನ್ಯಜ್ಞಾನ ಪುರಾವೆಗಳ ಮೇಲೆ ಆಸೆ: ಇಡೀ ಲೆಕ್ಕವನ್ನು ಹೊರಗೆ ಮಾಡಿ, ಸರಿಯಾಗಿ ಮಾಡಿದ್ದೇವೆ ಎಂಬ ಪುಟ್ಟ ಪುರಾವೆಯನ್ನಷ್ಟೇ ಜಾಲಕ್ಕೆ ಕೊಡುವುದು.

ಗಣಿತ ಸುಳ್ಳು ಹೇಳುವುದಿಲ್ಲ, ನಿಜ. ಗಣಿತವನ್ನು ಕೋಡ್ ಮಾಡಿದವರು ತಪ್ಪಬಹುದು. 2022ರ ಅಕ್ಟೋಬರ್ 6ರಂದು ಬಿಎನ್‌ಬಿ ಚೈನ್‌ನ ಬ್ರಿಡ್ಜ್‌ಗೆ ಒಬ್ಬ ನಕಲಿ ಪುರಾವೆ ಕೊಟ್ಟ. ಪುರಾವೆ ಪರೀಕ್ಷಿಸುವ ಲೈಬ್ರರಿಯ ಒಂದು ದೋಷದಿಂದ ಅದು ಅಸಲಿಯಂತೆ ಪಾಸಾಯಿತು. ತಲಾ 10 ಲಕ್ಷದಂತೆ ಎರಡು ಸಲ, ಒಟ್ಟು 20 ಲಕ್ಷ ಬಿಎನ್‌ಬಿ ಅವನಿಗೆ ಬಂತು. ಅಂದಿನ ಬೆಲೆಯಲ್ಲಿ 56 ಕೋಟಿ ಡಾಲರ್‌ಗೂ ಮಿಕ್ಕಿದ್ದು. ಸಕ್ರಿಯವಾಗಿದ್ದ 26 ವ್ಯಾಲಿಡೇಟರ್‌ಗಳಿಗೆ ಹೇಳಿ ಇಡೀ ಜಾಲವನ್ನೇ ನಿಲ್ಲಿಸಿದರು. ಹೊರಗಿನ ಜಾಲಗಳಿಗೆ ಜಾರಿಹೋದದ್ದು ಸುಮಾರು 10 ಕೋಟಿ ಡಾಲರ್ ಮಾತ್ರ. ಯಾರನ್ನೂ ನಂಬಬೇಕಿಲ್ಲ ಎಂದ ವ್ಯವಸ್ಥೆಯನ್ನು ಉಳಿಸಿದ್ದು ಮಾತು ಕೇಳುವ 26 ಜನ! ಆ ಪುರಾವೆ ಪದ್ಧತಿ ಕಾಸ್ಮಾಸ್ ಬಳಗದ್ದೇ. ಅಲ್ಲಿಯವರು ತಮ್ಮ ಮನೆ ತಡವಿ ನೋಡಿದಾಗ ಐಬಿಸಿಯಲ್ಲೂ ಗಂಭೀರ ದೋಷ ಸಿಕ್ಕಿತು. ಡ್ರಾಗನ್‌ಬೆರಿ ಎಂದು ಹೆಸರಿಟ್ಟು, ದೊಡ್ಡ ಜಾಲಗಳಿಗೆಲ್ಲ ಗುಟ್ಟಾಗಿ ತೇಪೆ ಹಾಕಿಸಿ, ಆಮೇಲೆ ಬಹಿರಂಗಪಡಿಸಿದರು.

ಮೂರನೆಯದು: ಒಪ್ಪಿಕೊಳ್ಳಿ, ಕಾವಲಿಡಿ

ಸಂದೇಶ ನಿಜವೆಂದೇ ಹಿಡಿಯಿರಿ. ಸ್ವಲ್ಪ ಹೊತ್ತು ಕಾಯಿರಿ. ಆ ಹೊತ್ತಿನಲ್ಲಿ ಯಾರಾದರೂ ಸುಳ್ಳೆಂದು ತೋರಿಸಿದರೆ ರದ್ದು ಮಾಡಿ. ನೂರು ಜನರಲ್ಲಿ ಒಬ್ಬ ಪ್ರಾಮಾಣಿಕ ಎಚ್ಚರವಾಗಿದ್ದರೂ ಸಾಕು ಎಂಬುದು ಇದರ ಬಲ. ನಿಯರ್ ಜಾಲದ ರೇನ್‌ಬೋ ಬ್ರಿಡ್ಜ್ ಇದನ್ನು ನಡೆಸಿ ತೋರಿಸಿತು. 2022ರ ಆಗಸ್ಟ್‌ನಲ್ಲಿ ಒಬ್ಬ ನಕಲಿ ಬ್ಲಾಕ್ ಕೊಟ್ಟಾಗ ಸ್ವಯಂಚಾಲಿತ ಕಾವಲು ಪ್ರೋಗ್ರಾಮ್‌ಗಳು 31 ಸೆಕೆಂಡಿನಲ್ಲಿ ಹಿಡಿದವು, ಅವನ 5 ಈಥರ್ ಠೇವಣಿ ಹೋಯಿತು. ನೋಮಾಡ್ ಕೂಡ ಇದೇ ಪಂಥದ್ದಾಗಿತ್ತು ಎಂಬುದನ್ನು ಮರೆಯಬಾರದು. ಕಾವಲುಗಾರರು ಸಂದೇಶಗಳನ್ನು ಕಾಯುತ್ತಿದ್ದರು. ಅಪ್‌ಗ್ರೇಡನ್ನು ಕಾಯುವುದು ಯಾರ ಪಾಲಿಗೂ ಬಂದಿರಲಿಲ್ಲ.

ಎಥೀರಿಯಮ್‌ನ ಮೇಲೆ ಕೂತ ಆರ್ಬಿಟ್ರಮ್, ಆಪ್ಟಿಮಿಸಂನಂಥ ರೋಲಪ್ ಜಾಲಗಳಿಂದ ಎಥೀರಿಯಮ್‌ಗೆ ಹಣ ತರಲು ಏಳು ದಿನ ಕಾಯಬೇಕಾಗಿರುವುದು ಈ ತರ್ಕದಿಂದಲೇ. ಹೊಸದಾಗಿ ಬಂದವರು ಹೆದರುವ ಮೊದಲ ಜಾಗವೂ ಇದೇ: ಈ ಕಡೆ ಬ್ಯಾಲೆನ್ಸ್ ಸೊನ್ನೆ, ಆ ಕಡೆಯೂ ಸೊನ್ನೆ, ವಾಲೆಟ್‌ನಲ್ಲಿ ಒಂದು "ಪೆಂಡಿಂಗ್". ಏಳು ದಿನ ಕಳೆದ ಮೇಲೂ ತಾನಾಗಿ ಬರುವುದಿಲ್ಲ. ಎಥೀರಿಯಮ್‌ನಲ್ಲಿ ಮತ್ತೊಂದು ವಹಿವಾಟು ಮಾಡಿ, ಅದಕ್ಕೆ ಬೇರೆ ಗ್ಯಾಸ್ ಕೊಟ್ಟು "ಕ್ಲೈಮ್" ಒತ್ತಬೇಕು. ವಾಲೆಟ್‌ನಲ್ಲಿ ಈಥರ್ ಇಲ್ಲದವರ ಹಣ ಅಲ್ಲೇ ಕೂತಿರುತ್ತದೆ. ಹಣ ಸಿಕ್ಕಿಬಿತ್ತು ಎಂದು ಎಲ್ಲಾದರೂ ಬರೆದುಕೊಂಡರೆ ಐದು ನಿಮಿಷದಲ್ಲಿ "ಸಪೋರ್ಟ್ ಟೀಮ್" ಎಂದು ಹೇಳಿಕೊಂಡು ಯಾರೋ ಬರುತ್ತಾರೆ, ಸೀಡ್ ಫ್ರೇಸ್, ಅಂದರೆ ವಾಲೆಟ್ ತೆರೆಯುವ ಗುಟ್ಟಿನ ಪದಗಳನ್ನು ಕೇಳುತ್ತಾರೆ. ಆ ಪದಗಳನ್ನು ಕೊಟ್ಟವರ ಹಣಕ್ಕೆ ಯಾವ ಬ್ರಿಡ್ಜ್‌ನ ದೋಷವೂ ಬೇಕಾಗುವುದಿಲ್ಲ.

ಚೀಟಿಯೇ ಬೇಡ ಎನ್ನುವವರು

ಬೀಗದ ಪೆಟ್ಟಿಗೆಯೇ ಅಪಾಯವಾದರೆ ಅದನ್ನೇ ತೆಗೆದರೆ ಹೇಗೆ? ಈ ಯೋಚನೆಯಿಂದ ಎರಡು ಕವಲು. ಒಂದು, ಟಿಯರ್ ನೋಲನ್‌ನ ಹಳೆ ದಾರಿಯ ಹೊಸ ರೂಪ: ಅಕ್ರಾಸ್‌ನಂಥ ವ್ಯವಸ್ಥೆಗಳಲ್ಲಿ ಒಬ್ಬ ರಿಲೇಯರ್ ಆ ಕಡೆ ತನ್ನ ಕೈಯಿಂದಲೇ ನಿಮಗೆ ಹಣ ಕೊಟ್ಟುಬಿಡುತ್ತಾನೆ, ಈ ಕಡೆ ನೀವು ಕಟ್ಟಿದ್ದನ್ನು ಆಮೇಲೆ ವಸೂಲು ಮಾಡಿಕೊಳ್ಳುತ್ತಾನೆ. ಕಾಯುವ ಅಪಾಯ ಅವನದು, ಅದಕ್ಕೆ ಅವನಿಗೆ ಸಣ್ಣ ಕಮಿಷನ್. ಎರಡನೆಯದು ಟೋಕನ್ ಹೊರಡಿಸಿದವರ ದಾರಿ. 2023ರ ಏಪ್ರಿಲ್‌ನಲ್ಲಿ ಸರ್ಕಲ್ ಕಂಪನಿ ಯುಎಸ್‌ಡಿಸಿಗಾಗಿ ಸಿಸಿಟಿಪಿ ತಂದಿತು: ಈ ಕಡೆ ಸುಟ್ಟು ಆ ಕಡೆ ಅಸಲಿಯನ್ನೇ ಹೊಸದಾಗಿ ಹೊರಡಿಸುವುದು. ಹಳೆಯ ಚೀಟಿ ಡಾಲರ್‌ಗಳಿಗೆ ಆರ್ಬಿಟ್ರಮ್‌ನಲ್ಲಿ ಯುಎಸ್‌ಡಿಸಿ.ಇ ಎಂದು ಹೆಸರು ಬದಲಾಯಿತು. ಒಂದೇ ಜಾಲದಲ್ಲಿ ಎರಡು ಡಾಲರ್, ಎಕ್ಸ್‌ಚೇಂಜ್ ಒಂದನ್ನು ಮಾತ್ರ ಸ್ವೀಕರಿಸುತ್ತದೆ. ತಪ್ಪಾದದ್ದನ್ನು ಕಳಿಸಿ ಪೇಚಾಡಿದವರು ಬೇಕಾದಷ್ಟು ಜನ.

ಈ ದಾರಿಯಲ್ಲಿ ಪೆಟ್ಟಿಗೆ ಇಲ್ಲ, ಒಪ್ಪುತ್ತೇನೆ. ಆದರೆ ಒಂದೇ ಕಂಪನಿಯ ಮೇಲೆ ಪೂರ್ಣ ಭಾರ ಬಿತ್ತು. ಡಾಲರ್‌ಗೆ ಹೇಗಿದ್ದರೂ ಸರ್ಕಲ್ ಅನ್ನು ನಂಬಲೇಬೇಕು, ಬ್ರಿಡ್ಜ್‌ಗೂ ಅದನ್ನೇ ನಂಬಿದರೆ ಹೆಚ್ಚೇನು ನಷ್ಟ ಎಂಬ ವಾದ ನನಗೆ ಸರಿಯೆಂದೇ ಕಾಣುತ್ತದೆ. ಹಾಗೆ ಹೊರಡಿಸಿದವರೇ ಇಲ್ಲದ ಬಿಟ್‌ಕಾಯಿನ್‌ಗೆ ಇದು ಒಗ್ಗುವುದಿಲ್ಲ. ಅದರ ಚೀಟಿಯ ಪಾಡು 2024ರಲ್ಲಿ ಕಂಡಿತು. ಡಬ್ಲ್ಯುಬಿಟಿಸಿಯ ಪಾಲನೆಯನ್ನು ಕ್ರಿಪ್ಟೊ ಉದ್ಯಮಿ ಜಸ್ಟಿನ್ ಸನ್ ನಂಟಿರುವ ಸಂಸ್ಥೆಯೊಂದಿಗೆ ಹಂಚಿಕೊಳ್ಳುತ್ತೇವೆ ಎಂದು ಬಿಟ್‌ಗೋ ಆಗಸ್ಟ್‌ನಲ್ಲಿ ಘೋಷಿಸಿತು. ಒಂದು ಸಾಲಿನ ಕೋಡೂ ಕೆಡಲಿಲ್ಲ, ಆದರೂ ಸಾಲ ಕೊಡುವ ಡಿಫೈ ಸಂಸ್ಥೆಗಳು ಅದನ್ನು ಒತ್ತೆ ಇಟ್ಟುಕೊಳ್ಳಬೇಕೇ ಎಂದು ಮತ್ತೆ ಚರ್ಚೆಗೆ ಕೂತವು.

ದಾಟಲೇಬೇಡಿ ಎನ್ನುವ ಮಾತು

2022ರ ಜನವರಿ 7ರಂದು ಎಥೀರಿಯಮ್‌ನ ಸಹಸ್ಥಾಪಕ ವಿಟಾಲಿಕ್ ಬುಟೆರಿನ್ ಮಂಡಿಸಿದ ವಾದ ಮೇಲಿನ ಎಲ್ಲ ಪಂಥಗಳನ್ನೂ ಅಲುಗಾಡಿಸುತ್ತದೆ. ಭವಿಷ್ಯದಲ್ಲಿ ಹಲವು ಜಾಲಗಳಿರುತ್ತವೆ, ಆದರೆ ಜಾಲದಿಂದ ಜಾಲಕ್ಕೆ ಆಸ್ತಿ ಹಾರಿಸುವುದಕ್ಕೆ ಮೂಲದಲ್ಲೇ ಮಿತಿಯಿದೆ ಎಂದರು. ನಿಮ್ಮ 100 ಈಥರ್ ಎಥೀರಿಯಮ್‌ನಲ್ಲೇ ಇದ್ದು, ಆ ಜಾಲದ ಮೇಲೆ, ಬಹುಮತ ಹಿಡಿದು ಲೆಕ್ಕ ತಿರುಚುವ, ಶೇಕಡಾ 51ರ ದಾಳಿ ನಡೆದರೂ ದಾಳಿಕೋರ ನಿಮ್ಮ ಈಥರ್ ಕಸಿಯಲಾರ. ಅದೇ ಈಥರನ್ನು ಸೊಲಾನಾಗೆ ಬ್ರಿಡ್ಜ್ ಮಾಡಿದ್ದರೆ ಕಥೆ ಬೇರೆ. ದಾಳಿಕೋರ ತಾನೂ ಒಂದಿಷ್ಟು ಈಥರ್ ಪೆಟ್ಟಿಗೆಗೆ ಹಾಕುತ್ತಾನೆ, ಸೊಲಾನಾದಲ್ಲಿ ಚೀಟಿ ಪಡೆಯುತ್ತಾನೆ, ಆಮೇಲೆ ಎಥೀರಿಯಮ್‌ನ ಲೆಕ್ಕವನ್ನು ಹಿಂದಕ್ಕೆ ತಿರುಗಿಸಿ ತನ್ನ ಈಥರ್ ವಾಪಸ್ ಪಡೆಯುತ್ತಾನೆ. ಚೀಟಿಗಳು ಹೆಚ್ಚು, ಮಾಲು ಕಡಿಮೆ. ಬ್ರಿಡ್ಜ್‌ನ ಕೋಡ್ ಎಷ್ಟೇ ನಿರ್ದೋಷವಾಗಿರಲಿ, ಈ ತೂತು ಮುಚ್ಚುವುದಿಲ್ಲ. ಅವರ ಪರಿಹಾರವೆಂದರೆ ಒಂದೇ ತಳಹದಿಯ ಮೇಲೆ ಕೂತ ರೋಲಪ್‌ಗಳು. ತಳ ಹಿಂದಕ್ಕೆ ತಿರುಗಿದರೆ ಮೇಲಿನದೂ ಜೊತೆಗೇ ತಿರುಗುತ್ತದೆ.

ತರ್ಕವಾಗಿ ಇದನ್ನು ಅಲ್ಲಗಳೆದವರನ್ನು ನಾನು ಕಂಡಿಲ್ಲ. ಆದರೆ ಇಲ್ಲಿಯವರೆಗಿನ ದೊಡ್ಡ ನಷ್ಟಗಳಲ್ಲಿ ಯಾವುದೂ ಹೀಗೆ ಆಗಿಲ್ಲ. ಕೀಲಿ ಹೋಯಿತು, ಕೋಡ್ ತಪ್ಪಿತು, ಇಲ್ಲವೇ ತಿದ್ದುವಾಗ ಎಡವಿದರು. ಸಿದ್ಧಾಂತ ಭೂಕಂಪಕ್ಕೆ ತಯಾರಿ ಹೇಳುತ್ತಿದೆ, ಕಳ್ಳರು ಹಿತ್ತಲ ಬಾಗಿಲಿನಿಂದ ಬರುತ್ತಿದ್ದಾರೆ.

ಒಂದೇ ಬಳಗದೊಳಗೆ ದಾಟುವುದೂ ಸಲೀಸಲ್ಲ. 2022ರಲ್ಲಿ ಆಪ್ಟಿಮಿಸಂ ಸಂಸ್ಥೆ ವಿಂಟರ್‌ಮ್ಯೂಟ್ ಎಂಬ ವ್ಯಾಪಾರಿ ಸಂಸ್ಥೆಗೆ 2 ಕೋಟಿ ಒಪಿ ಟೋಕನ್ ಕಳಿಸಿತು. ವಿಂಟರ್‌ಮ್ಯೂಟ್ ಕೊಟ್ಟ ವಿಳಾಸ ಎಥೀರಿಯಮ್‌ನಲ್ಲಿ ಅದರದೇ ಬಹುಸಹಿ ವಾಲೆಟ್. ಆಪ್ಟಿಮಿಸಂನಲ್ಲಿ ಅದೇ ವಿಳಾಸದಲ್ಲಿ ಆ ವಾಲೆಟ್ಟನ್ನು ಅವರು ಇನ್ನೂ ಸ್ಥಾಪಿಸಿರಲಿಲ್ಲ. ಅವರಿಗಿಂತ ಮುಂಚೆ ಬೇರೊಬ್ಬ ಅಲ್ಲಿ ತನ್ನ ವಾಲೆಟ್ ಸ್ಥಾಪಿಸಿ ಟೋಕನ್ ವಶಪಡಿಸಿಕೊಂಡ. 1.7 ಕೋಟಿ ಆಮೇಲೆ ಹಿಂದಿರುಗಿಸಿದ.

ಅಪ್‌ಗ್ರೇಡ್ ಎಂಬ ಹಿತ್ತಲ ಬಾಗಿಲು

ಇಲ್ಲಿಗೆ ಬಂದರೆ ಪಂಥಭೇದ ಅಳಿಸಿಹೋಗುತ್ತದೆ. ಯಾವ ಪಂಥದ ಬ್ರಿಡ್ಜ್ ಆದರೂ ಅದರ ಕಾಂಟ್ರ್ಯಾಕ್ಟ್ ಬದಲಿಸಬಲ್ಲ ಒಂದು ಗುಂಪು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಣ ಕಾಯುವ ಕಾಂಟ್ರ್ಯಾಕ್ಟ್ ಬರೀ ಮುಖವಾಡ. ಒಳಗಿನ ತರ್ಕ ಬೇರೆ ವಿಳಾಸದಲ್ಲಿ ಇರುತ್ತದೆ, ಆ ವಿಳಾಸವನ್ನು ಬದಲಿಸಿದರೆ ಆಯಿತು.

ಇದರಿಂದ ಆದ ಅವಾಂತರಗಳ ಸ್ವರೂಪ ಬೇರೆ ಬೇರೆ. 2022ರ ಜನವರಿಯಲ್ಲಿ ಕ್ಯೂಬಿಟ್‌ನಿಂದ 8 ಕೋಟಿ ಡಾಲರ್ ಹೋದದ್ದು, ಹೊಸ ಜಮಾ ಫಂಕ್ಷನ್ ಬಂದ ಮೇಲೂ ಹಳೆಯದನ್ನು ಕಿತ್ತುಹಾಕದೆ ಬಿಟ್ಟಿದ್ದರಿಂದ. ರೋನಿನ್ ಎರಡನೇ ಸಲ ಪೆಟ್ಟು ತಿಂದದ್ದು 2024ರ ಆಗಸ್ಟ್ 6ರಂದು. ಅಪ್‌ಗ್ರೇಡ್ ಮಾಡುವಾಗ ಚಾಲನೆಯ ಒಂದು ಹೆಜ್ಜೆ ಬಿಟ್ಟುಹೋಗಿ, ಸಾಕ್ಷಿಗಳ ಒಟ್ಟು ತೂಕ ಸೊನ್ನೆಯಾಗಿ ನಿಂತಿತು. ಸೊನ್ನೆಯಲ್ಲಿ ಇಷ್ಟು ಪಾಲು ಸಹಿ ಬೇಕೆಂದರೆ ಅದೂ ಸೊನ್ನೆಯೇ. ಸುಮಾರು 4,000 ಈಥರ್ ಮತ್ತು 20 ಲಕ್ಷ ಯುಎಸ್‌ಡಿಸಿ, ಅಂದರೆ 1.2 ಕೋಟಿ ಡಾಲರ್ ಹೊರಬಂತು. ಪೆಟ್ಟಿಗೆಯಲ್ಲಿದ್ದದ್ದು 85 ಕೋಟಿ. ಒಂದು ವಹಿವಾಟಿನಲ್ಲಿ ಇಷ್ಟೇ ತೆಗೆಯಬಹುದು ಎಂಬ ಮಿತಿ ಹಾಕಿದ್ದರಿಂದ ಉಳಿದದ್ದು ಉಳಿಯಿತು. ತೆಗೆದವರು ಒಳ್ಳೆಯವರಾಗಿದ್ದು ಹಿಂದಿರುಗಿಸಿದರು, 5 ಲಕ್ಷ ಡಾಲರ್ ಬಹುಮಾನ ಪಡೆದರು. ನೋಮಾಡ್‌ನ ಸೊನ್ನೆಗೂ ಈ ಸೊನ್ನೆಗೂ ನಡುವೆ ಎರಡು ವರ್ಷ. ಪಾಠ ಮಾತ್ರ ಒಂದೇ ಪುಟದ್ದು.

ಇನ್ನು ತೇಪೆಯನ್ನು ಬಹಿರಂಗವಾಗಿ ಹಾಕಬೇಕೋ ಗುಟ್ಟಾಗಿಯೋ? ಎರಡು ಪ್ರಕರಣಗಳನ್ನು ಪಕ್ಕದಲ್ಲಿಟ್ಟು ನೋಡಿ. 2022ರ ಫೆಬ್ರವರಿ 2ರಂದು ವರ್ಮ್‌ಹೋಲ್‌ನಿಂದ 1.2 ಲಕ್ಷ ಈಥರ್, ಸುಮಾರು 32 ಕೋಟಿ ಡಾಲರ್ ಹೋಯಿತು. ಸೊಲಾನಾ ಕಡೆ ಸಹಿ ಪರೀಕ್ಷೆಗೆ ಬಳಸಿದ್ದ ಹಳೆಯ ಫಂಕ್ಷನ್, ತನಗೆ ಕೊಟ್ಟ ಖಾತೆ ಅಸಲಿಯೇ ಎಂದು ನೋಡುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೋಡ್ ದಾಳಿಗೆ ಕೆಲವೇ ಗಂಟೆ ಮುಂಚೆ ಸಾರ್ವಜನಿಕ ಗಿಟ್‌ಹಬ್‌ನಲ್ಲಿ ಕಾಣಿಸಿಕೊಂಡಿತ್ತು, ಓಡುತ್ತಿದ್ದ ಜಾಲಕ್ಕೆ ಇನ್ನೂ ಏರಿರಲಿಲ್ಲ. ದಾಳಿಕೋರನಿಗೆ ದಾರಿ ತೋರಿಸಿದ್ದು ಅದೇ ಎಂದು ಹಲವರ ಅನುಮಾನ. ಎರಡನೆಯದು ಭಾರತೀಯ ಎಂಜಿನಿಯರ್‌ಗಳು 2017ರಲ್ಲಿ ಮ್ಯಾಟಿಕ್ ಎಂದು ಶುರುಮಾಡಿದ ಪಾಲಿಗಾನ್‌ನದು. 2021ರ ಡಿಸೆಂಬರ್ 3ರಂದು ಅದರ ಮೂಲ ಟೋಕನ್ ಕಾಂಟ್ರ್ಯಾಕ್ಟ್‌ನಲ್ಲಿ 927 ಕೋಟಿ ಮ್ಯಾಟಿಕ್ ಅಪಾಯದಲ್ಲಿದೆ ಎಂದು ಒಬ್ಬರು ತಿಳಿಸಿದರು. ಡಿಸೆಂಬರ್ 5ರಂದು, ಕಾರಣ ಹೇಳದೆ, ವ್ಯಾಲಿಡೇಟರ್‌ಗಳಿಂದ ಹಾರ್ಡ್ ಫೋರ್ಕ್, ಅಂದರೆ ಇಡೀ ಜಾಲದ ನಿಯಮ ಬದಲಾವಣೆ, ಮಾಡಿಸಿದರು. ಅಷ್ಟರೊಳಗೆ 8,01,601 ಮ್ಯಾಟಿಕ್ ಕಳುವಾಗಿತ್ತು. ಆ ನಷ್ಟವನ್ನು ಸಂಸ್ಥೆಯೇ ಹೊತ್ತಿತು. ಜನರಿಗೆ ವಿಷಯ ತಿಳಿಸಿದ್ದು ಡಿಸೆಂಬರ್ 29ರಂದು. ದೋಷ ಹುಡುಕಿದವರಿಗೆ ಸುಮಾರು 34.6 ಲಕ್ಷ ಡಾಲರ್ ಬಹುಮಾನ ಸಿಕ್ಕಿತು.

ಫಲಿತಾಂಶ ನೋಡಿದರೆ ಗುಟ್ಟಿನ ತೇಪೆಯೇ ಗೆದ್ದಿತು. ಆದರೆ ಕಾರಣ ಹೇಳದ ಅಪ್‌ಗ್ರೇಡನ್ನು ಎರಡೇ ದಿನದಲ್ಲಿ ಇಡೀ ಜಾಲ ನುಂಗುತ್ತದೆ ಎಂದರೆ, ಅದೇ ದಾರಿಯಲ್ಲಿ ಕೆಟ್ಟ ಅಪ್‌ಗ್ರೇಡ್ ಕೂಡ ಇಳಿಯಬಹುದು ಎಂದು ಅಂದು ಆಕ್ಷೇಪಿಸಿದವರ ಮಾತನ್ನೂ ತಳ್ಳಿಹಾಕಲಾಗದು.

ಇತ್ಯರ್ಥವಾಗದ್ದು

ತಿದ್ದುವ ಕೈಗೆ ಎಷ್ಟು ಹಗ್ಗ ಬಿಡಬೇಕು ಎಂಬುದು ಮೊದಲನೆಯದು. ರೋಲಪ್‌ಗಳನ್ನು ಅಳೆಯುವ ಎಲ್‌2ಬೀಟ್‌ನ ಮಾಪನದಲ್ಲಿ ಅತಿ ಎತ್ತರದ ಹಂತ ತಲುಪಲು, ಬೇಡದ ಅಪ್‌ಗ್ರೇಡ್ ಬಂದರೆ ಹಣ ತೆಗೆದುಕೊಂಡು ಹೊರಡಲು ಬಳಕೆದಾರರಿಗೆ 30 ದಿನ ಇರಬೇಕು. ದೋಷ ಪತ್ತೆಯಾಗಿ ಕಳ್ಳ ಬಾಗಿಲಲ್ಲಿ ನಿಂತಿರುವಾಗ 30 ದಿನ ಕಾಯಲಾಗದು. ಅದಕ್ಕಾಗಿ ಆರ್ಬಿಟ್ರಮ್‌ನಂಥವು 12 ಜನರ ಭದ್ರತಾ ಮಂಡಳಿ ಇಟ್ಟಿವೆ, 9 ಜನ ಒಪ್ಪಿದರೆ ತಕ್ಷಣ ಬದಲಿಸಬಹುದು. ಅಲ್ಲಿಗೆ ನಾವು ಮೊದಲ ಪಂಥದ ಅಂಗಳಕ್ಕೇ ಬಂದು ನಿಂತೆವು. ಆಪ್ಟಿಮಿಸಂ 2024ರ ಜೂನ್‌ನಲ್ಲಿ ಯಾರು ಬೇಕಾದರೂ ಸುಳ್ಳನ್ನು ಪ್ರಶ್ನಿಸುವ ವ್ಯವಸ್ಥೆ ತಂದು, ಆಗಸ್ಟ್‌ನಲ್ಲಿ ಆಡಿಟ್‌ನಲ್ಲಿ ದೋಷ ಕಂಡು ಅನುಮತಿ ಉಳ್ಳವರಿಗೆ ಮಾತ್ರ ಎಂದು ಹಿಂದೆ ಸರಿದು, ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆಯಿತು. ಇಂಥ ತುರ್ತು ಅಧಿಕಾರ ಯಾರ ಕೈಯಲ್ಲೂ ಇಲ್ಲದಿದ್ದರೆ ಆ ಹಿಂದೆ ಸರಿಯುವಿಕೆಯೇ ಸಾಧ್ಯವಿರಲಿಲ್ಲ.

ನಷ್ಟ ಯಾರದು ಎಂಬುದಕ್ಕೆ ಯಾವ ನಿಯಮವೂ ಇಲ್ಲ. ವರ್ಮ್‌ಹೋಲ್‌ನ ಹಿಂದಿದ್ದ ಜಂಪ್ ಕಂಪನಿ 1.2 ಲಕ್ಷ ಈಥರನ್ನೂ ತನ್ನ ಕಿಸೆಯಿಂದ ತುಂಬಿತು. ಸ್ಕೈ ಮೇವಿಸ್ ಹೂಡಿಕೆದಾರರಿಂದ 15 ಕೋಟಿ ಡಾಲರ್ ಎತ್ತಿ 2022ರ ಜೂನ್‌ನಲ್ಲಿ ಬ್ರಿಡ್ಜ್ ಮತ್ತೆ ತೆರೆಯಿತು. ಹಾರ್ಮನಿ ಹೊಸ ಟೋಕನ್ ಮುದ್ರಿಸಿ ಪರಿಹಾರ ಕೊಡುವ ಪ್ರಸ್ತಾಪ ಇಟ್ಟಾಗ, ಕಳೆದುಕೊಳ್ಳದವರ ಹಣದಿಂದ ಕಳೆದುಕೊಂಡವರಿಗೆ ಕೊಡುವುದು ಯಾವ ನ್ಯಾಯ ಎಂದು ಅದರ ಜನವೇ ತಿರುಗಿಬಿದ್ದರು. ಮಲ್ಟಿಚೈನ್‌ನಲ್ಲಿ ತುಂಬಿಕೊಡುವವರೇ ಇರಲಿಲ್ಲ.

ಕೋರ್ಟಿನ ಕೈ ಎಲ್ಲಿಯವರೆಗೆ ಚಾಚಬಹುದು ಎಂಬುದೂ ತೆರೆದೇ ಇದೆ. 2023ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಆದೇಶದಂತೆ ಓಯಸಿಸ್ ಎಂಬ ಡಿಫೈ ಸೇವೆ ತನ್ನ ಅಪ್‌ಗ್ರೇಡ್ ಅಧಿಕಾರ ಬಳಸಿ, ವರ್ಮ್‌ಹೋಲ್ ಕಳ್ಳ ತನ್ನಲ್ಲಿ ಇಟ್ಟಿದ್ದ 20 ಕೋಟಿ ಡಾಲರ್‌ಗೂ ಮಿಕ್ಕಿದ ಆಸ್ತಿಯನ್ನು ಎಳೆದುಕೊಟ್ಟಿತು. ಕದ್ದ ಮಾಲು ಸಿಕ್ಕಿದ್ದಕ್ಕೆ ಖುಷಿಪಟ್ಟವರೇ, ಇನ್ನೊಂದು ದೇಶದ ಇನ್ನೊಂದು ಕೋರ್ಟ್ ನಾಳೆ ಯಾರ ವಾಲೆಟ್ ತೆರೆಸೀತು ಎಂದು ಕೇಳಿದರು.

ನಮ್ಮಲ್ಲಿ ಇದನ್ನು ಬಳಸುವವರಿಗೆ ಎದುರಾಗುವ ಪ್ರಶ್ನೆ ತೆರಿಗೆಯದು. 2022ರ ಹಣಕಾಸು ಕಾಯ್ದೆ ವರ್ಚುವಲ್ ಡಿಜಿಟಲ್ ಆಸ್ತಿಯ ವರ್ಗಾವಣೆಯಿಂದ ಬಂದ ಲಾಭಕ್ಕೆ ಶೇಕಡಾ 30 ತೆರಿಗೆ, ವರ್ಗಾವಣೆಗೆ ಶೇಕಡಾ 1 ಟಿಡಿಎಸ್ ವಿಧಿಸಿತು. ಬ್ರಿಡ್ಜ್ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಈಥರ್‌ಗೆ ಬೀಗ ಹಾಕಿ ಚೀಟಿ ಪಡೆದರೆ ಅದು ಒಂದು ಆಸ್ತಿ ಕೊಟ್ಟು ಇನ್ನೊಂದು ಪಡೆದಂತೆಯೋ, ಅಥವಾ ಒಂದೇ ಆಸ್ತಿ ಜಾಗ ಬದಲಿಸಿದಂತೆಯೋ? ಮೊದಲನೆಯದಾದರೆ ಪ್ರತಿ ಸಲ ದಾಟುವಾಗಲೂ ಲಾಭದ ಲೆಕ್ಕ ತೆಗೆಯಬೇಕು. ಎರಡನೆಯದಾದರೆ, ಗೋದಾಮು ಲೂಟಿಯಾಗಿ ಚೀಟಿ ಕೈಯಲ್ಲೇ ಉಳಿದವರು ಆಸ್ತಿ ಕಳೆದುಕೊಂಡದ್ದು ಯಾವ ತಾರೀಖಿನಂದು? ತಾರೀಖು ಸಿಕ್ಕರೂ ಪ್ರಯೋಜನ ಅಷ್ಟಕ್ಕಷ್ಟೇ. ಒಂದು ಟೋಕನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಆ ಕಾಯ್ದೆ ಬಿಡುವುದಿಲ್ಲ.